ತಾಯಿಯ ಕಡೆಯ ಹಲ್ಲು

ವಿಷ್ಣುವಿನ ಡೈರಿಯಲ್ಲಿ ಕ್ಲಾಸ್ ಟೀಚರ್ ಬರೆದಿದ್ದ ಎರಡು ಸಾಲನ್ನು ವಿಭಾ ಮೂರು ಸಲ ಓದಿದಳು. ಮಗು ದಿನಕ್ಕೆ ಎರಡು ಹೊತ್ತು ಹಲ್ಲುಜ್ಜುವಂತೆ ಮನೆಯವರು ನೋಡಿಕೊಳ್ಳಬೇಕು, ಅವನ ಪಕ್ಕ ಕೂರಲು ಉಳಿದ ಮಕ್ಕಳು ಹಿಂಜರಿಯುತ್ತಿದ್ದಾರೆ ಎಂದಿತ್ತು. ಎಂಟು ವರ್ಷದ ವಿಷ್ಣು ಶೂ ಕೂಡ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತು ಅಮ್ಮನ ಮುಖವನ್ನೇ ನೋಡುತ್ತಿದ್ದ. ತುಟಿ ಬಿಗಿಯಾಗಿ ಮುಚ್ಚಿದ್ದ.

ಅವನ ಹಲ್ಲನ್ನು ಬೆಳಿಗ್ಗೆ ಸಂಜೆ ಉಜ್ಜಿಸುತ್ತಿದ್ದವಳು ವಿಭಾಳೇ. ಬಚ್ಚಲಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಎರಡು ನಿಮಿಷ ಎಣಿಸುತ್ತಿದ್ದಳು. ಆದರೂ ಹಾಲುಹಲ್ಲು ಬಿದ್ದು ಬಂದ ಮುಂದಿನ ಹಲ್ಲುಗಳು ಹಳದಿಗಿಂತ ಗಾಢವಾಗಿ, ತುದಿಯಲ್ಲಿ ಕಂದು ಬಣ್ಣಕ್ಕಿದ್ದವು. ಮುಟ್ಟಿದರೆ ಒರಟು. ಚಳಿಗಾಲದಲ್ಲಿ ನಲ್ಲಿ ನೀರಲ್ಲಿ ಬಾಯಿ ಮುಕ್ಕಳಿಸಿದರೆ ಹುಡುಗ ಕೆನ್ನೆ ಹಿಡಿದುಕೊಂಡು ಕೂತುಬಿಡುತ್ತಿದ್ದ.

ವಿಭಾ ಆರೋಗ್ಯ ವಿಮೆಯ ಕಂಪನಿಯೊಂದರಲ್ಲಿ ಹನ್ನೊಂದು ವರ್ಷದಿಂದ ಕ್ಲೇಮು ತಪಾಸಣೆ ಮಾಡುತ್ತಿದ್ದಳು. ಆಸ್ಪತ್ರೆಯ ಕಾಗದದಲ್ಲಿ ಒಂದು ದಿನಾಂಕ, ರೋಗಿಯ ಬಾಯಲ್ಲಿ ಇನ್ನೊಂದು ದಿನಾಂಕ ಬಂದರೆ ಅವಳಿಗೆ ತಕ್ಷಣ ಕಿವಿ ನೆಟ್ಟಗಾಗುತ್ತಿತ್ತು. ಯಾರನ್ನೂ ಮೊದಲ ಮಾತಿಗೇ ನಂಬುವವಳಲ್ಲ. ಆ ಅಭ್ಯಾಸ ಆಫೀಸಿನಿಂದ ಮನೆಗೂ ಬಂದಿತ್ತು.

"ಆ ಗೊಟ್ಟಿಗೆರೆ ಬೋರ್‌ವೆಲ್ ನೀರು ಕಣೇ," ಎಂದು ಮೊದಲು ಹೇಳಿದ್ದು ಅವಳ ತಾಯಿ ಸತ್ಯಭಾಮಾ. ಜಯನಗರದ ತಮ್ಮ ಮನೆಯಿಂದ ಫೋನು ಮಾಡಿದಾಗಲೆಲ್ಲ ಅದೇ ಮಾತು. "ನಮ್ ಕಡೆ ಕಾವೇರಿ ನೀರು ಬರ್ತಿತ್ತು, ನಿನ್ ಹಲ್ಲು ನೋಡು ಹೇಗಿದೆ. ಅಲ್ಲಿ ಫ್ಲೋರೈಡ್ ಇರುತ್ತೆ."

ವಿಭಾ ಅಪಾರ್ಟ್‌ಮೆಂಟಿನ ನೀರನ್ನು ಬಾಟಲಿಯಲ್ಲಿ ತುಂಬಿಸಿ ಲ್ಯಾಬಿಗೆ ಕಳಿಸಿದಳು. ವಾರದ ನಂತರ ವರದಿ ಬಂತು. ಫ್ಲೋರೈಡ್ ಮಿತಿಯೊಳಗೇ ಇತ್ತು.

ಅದನ್ನು ತಿಳಿಸಿದಾಗ ಸತ್ಯಭಾಮಾ ದನಿ ತಗ್ಗಿಸಿ, "ಹಾಗಾದ್ರೆ ನಿಮ್ಮತ್ತೆ ನೀನಿಲ್ದಾಗ ಮಗೂಗೆ ಸಿಹಿ ಕೊಡ್ತಿರ್ಬೇಕು. ಅವ್ರಿಗೆ ಮೊಮ್ಮಗ ಅಂದ್ರೆ ಮುದ್ದು ಜಾಸ್ತಿ. ನಾನು ಹೇಳ್ದೆ ಅಂತ ಹೇಳ್ಬೇಡ," ಎಂದರು.

ವಿಭಾ ಆ ದಿನವೇ ಅಡುಗೆಮನೆಗೆ ಹೋಗಿ ಬೆಲ್ಲದ ಡಬ್ಬಿ, ಸಕ್ಕರೆ ಡಬ್ಬಿ ಎರಡರ ಮೇಲೂ ಪೆನ್ನಿನಲ್ಲಿ ಸಣ್ಣ ಗೆರೆ ಎಳೆದಳು. ಒಳಗಿನ ಮಟ್ಟ ಎಷ್ಟು ಇಳಿಯುತ್ತದೆಂದು ದಿನಾ ಸಂಜೆ ನೋಡತೊಡಗಿದಳು. ಅತ್ತೆ ಶ್ರೀದೇವಿಯವರ ಸೀರೆಯ ಸೆರಗಲ್ಲಿ ಏನಾದರೂ ಕಟ್ಟಿದ್ದಾರಾ ಎಂದು ಕಣ್ಣು ಹೋಗುತ್ತಿತ್ತು. ವಿಷ್ಣುವನ್ನು ಪಕ್ಕಕ್ಕೆ ಕರೆದು, "ಅಜ್ಜಿ ಇವತ್ತು ಏನ್ ಕೊಟ್ರು?" ಎಂದು ಕೇಳುತ್ತಿದ್ದಳು. ಅವನು ಉಪ್ಪಿಟ್ಟು, ಮಜ್ಜಿಗೆ ಎಂದರೆ, "ನಿಜ ಹೇಳು," ಎನ್ನುತ್ತಿದ್ದಳು.

ನಾಲ್ಕನೇ ದಿನ ಶ್ರೀದೇವಿಯವರು ಬೆಲ್ಲದ ಡಬ್ಬಿಯನ್ನು ತಂದು ಊಟದ ಟೇಬಲ್ ಮೇಲಿಟ್ಟರು.

"ವಿಭಾ, ಇದರ ಮೇಲೆ ಗೆರೆ ಎಳ್ದಿದ್ದೀಯಲ್ಲ, ಯಾಕೆ?"

ಗಂಡ ಶ್ರೀಕರ್ ತಟ್ಟೆಯಿಂದ ತಲೆ ಎತ್ತಿದ. ವಿಭಾ ಡಬ್ಬಿಯ ಮೇಲಿನ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದಳು.

"ನಾನು ಕಳ್ಳಿ ಅಂತ ಅಲ್ವಾ?" ಎಂದರು ಶ್ರೀದೇವಿ. ಕೋಪವಿರಲಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಮುಂದಿನ ಎರಡು ದಿನ ಅವರು ಮೊಮ್ಮಗನಿಗೆ ಒಂದು ಲೋಟ ನೀರನ್ನೂ ಕೊಡಲಿಲ್ಲ. "ಅಮ್ಮನ್ನ ಕೇಳು," ಎನ್ನುತ್ತಿದ್ದರು.

"ಎಲ್ಲರ ಮೇಲೂ ಅನುಮಾನ ಪಡೋದು ಬಿಟ್ಟು ಒಳ್ಳೆ ಡಾಕ್ಟ್ರ ಹತ್ರ ಹೋಗೋಣ," ಎಂದ ಶ್ರೀಕರ್. ಶನಿವಾರ ಮೂವರೂ ಬನಶಂಕರಿ ಎರಡನೇ ಹಂತದಲ್ಲಿದ್ದ ದಂತವೈದ್ಯೆ ಡಾಕ್ಟರ್ ಲಿಖಿತಾ ಅವರ ಕ್ಲಿನಿಕ್ಕಿಗೆ ಹೋದರು.

ಲಿಖಿತಾ ವಿಷ್ಣುವಿನ ಒಂದೊಂದೇ ಹಲ್ಲನ್ನು ಗಾಳಿ ಊದಿ ಒಣಗಿಸಿ ನೋಡಿದರು. ಗಾಳಿ ತಾಗಿದಾಗಲೆಲ್ಲ ಹುಡುಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದ. ಎಕ್ಸ್‌ರೇ ತೆಗೆದು ಪರದೆಯ ಮೇಲೆ ಹಾಕಿದರು.

"ಸಾಮಾನ್ಯವಾಗಿ ಹಲ್ಲಿನ ಸುತ್ತ ಬೆಳ್ಳಗೆ ಒಂದು ಪದರ ಕಾಣುತ್ತೆ ಮೇಡಂ. ಅದೇ ಎನಾಮಲ್, ಹಲ್ಲಿನ ಗಟ್ಟಿ ಕವಚ. ಇವನಿಗೆ ನೋಡಿ, ಆ ಪದರ ಇದೆಯೋ ಇಲ್ವೋ ಅನ್ನೋ ಹಾಗಿದೆ. ಎಲ್ಲಾ ಹಲ್ಲಲ್ಲೂ. ಹಾಲುಹಲ್ಲಲ್ಲೂ ಹೀಗೇ ಇತ್ತಾ?"

"ಹಳದಿ ಇತ್ತು," ಎಂದಳು ವಿಭಾ. "ನೀರು? ಸಿಹಿ?"

"ಎರಡೂ ಅಲ್ಲ. ಉಜ್ಜೋದಕ್ಕೂ ಸಂಬಂಧ ಇಲ್ಲ. ನೀವು ಇನ್ನೂ ಜೋರಾಗಿ ಉಜ್ಜಿಸಿದ್ರೆ ಇರೋದೂ ಸವೆಯುತ್ತೆ. ಎನಾಮಲ್ ರೂಪುಗೊಳ್ಳುವಾಗಲೇ ಆಗಿರೋ ದೋಷ. ವಂಶದಲ್ಲಿ ಬರುತ್ತೆ."

ವಿಭಾ ಸರಕ್ಕನೆ ಗಂಡನ ಕಡೆ ತಿರುಗಿದಳು. ಮದುವೆಯ ಮುಂಚೆ ಇವನ ಮನೆಯವರು ಏನನ್ನಾದರೂ ಮುಚ್ಚಿಟ್ಟಿದ್ದಾರಾ? ಶ್ರೀಕರ್‌ನ ತಂದೆ ಬದುಕಿದ್ದಷ್ಟು ಕಾಲ ಮೀಸೆ ಇಳಿಬಿಟ್ಟಿದ್ದದ್ದು ಯಾಕೆ? ಆ ಒಂದು ಕ್ಷಣದಲ್ಲಿ ಅವಳ ತಲೆಯಲ್ಲಿ ಇಷ್ಟೆಲ್ಲ ಓಡಿತು.

"ನಿಮ್ಮಿಬ್ಬರ ಹಲ್ಲೂ ಒಂದ್ಸಲ ನೋಡ್ಲಾ?" ಎಂದರು ಲಿಖಿತಾ.

ಶ್ರೀಕರ್‌ನನ್ನು ಅರ್ಧ ನಿಮಿಷದಲ್ಲಿ ಬಿಟ್ಟರು. ವಿಭಾಳ ಬಾಯಿಗೆ ದೀಪ ಹಿಡಿದವರು ಬಹಳ ಹೊತ್ತು ನೋಡಿದರು. ಕನ್ನಡಿ ಕೊಟ್ಟು, ದೀಪವನ್ನು ಪಕ್ಕದಿಂದ ಬೀಳಿಸಿ ತೋರಿಸಿದರು. ಅವಳ ಹಲ್ಲುಗಳ ಮೇಲೆ ಒಸಡಿನಿಂದ ತುದಿಯವರೆಗೆ ಸಣ್ಣ ಸಣ್ಣ ಗೆರೆಗಳು. ಒಂದು ಗೆರೆ ಹೊಳಪು, ಮತ್ತೊಂದು ಮಂಕು.

"ಅದು ಚಿಕ್ಕವಳಿದ್ದಾಗ ಟೈಫಾಯ್ಡ್ ಬಂದು ಆಗಿದ್ದು," ಎಂದಳು ವಿಭಾ. "ಅಮ್ಮ ಹೇಳ್ತಾರೆ."

"ಜ್ವರದಿಂದ ಆದ್ರೆ ಗೆರೆ ಅಡ್ಡಕ್ಕೆ ಬರುತ್ತೆ ಮೇಡಂ. ಜ್ವರ ಬಂದಾಗ ಬೆಳೀತಿದ್ದ ಭಾಗ ಮಾತ್ರ ಕೆಡುತ್ತೆ. ಇವು ಉದ್ದ ಗೆರೆ. ಹೆಂಗಸರಲ್ಲಿ ಹೀಗೆ ತೆಳುವಾಗಿ, ಅವರ ಗಂಡುಮಕ್ಕಳಲ್ಲಿ ಜೋರಾಗಿ ಬರೋ ಒಂದು ಬಗೆ ಇದೆ. ಖಚಿತವಾಗಿ ಹೇಳ್ಬೇಕಂದ್ರೆ ರಕ್ತ ಪರೀಕ್ಷೆ ಮಾಡಿಸ್ಬೇಕು. ನಿಮ್ಮ ತಾಯಿ ಕಡೆ ಗಂಡಸರಲ್ಲಿ ಯಾರಿಗಾದ್ರೂ ಹೀಗಿತ್ತಾ?"

"ಇಲ್ಲ," ಎಂದಳು ವಿಭಾ. ಆಮೇಲೆ, "ಒಬ್ರು ಸೋದರಮಾವ ಇದ್ದಾರೆ. ಅವ್ರ ಹಲ್ಲು ಕೆಟ್ಟಿತ್ತು. ಆದ್ರೆ ಅವ್ರು ಹೊಗೆಸೊಪ್ಪು ಹಾಕ್ತಿದ್ರು," ಎಂದಳು.

ಹೇಳುವಾಗಲೇ ಆ ವಾಕ್ಯ ಅವಳಿಗೆ ಬೇರೆ ಥರ ಕೇಳಿಸಿತು. ಅನಂತಪದ್ಮನಾಭ ಮಾಮನನ್ನು ಅವಳು ಬಾಲ್ಯದಲ್ಲಿ ಎರಡೇ ಸಲ ನೋಡಿದ್ದು. ಹೊಗೆಸೊಪ್ಪು ತಿನ್ನುವುದನ್ನು ನೋಡಿರಲಿಲ್ಲ. ಯಾರೂ ನೋಡಿದ್ದಾಗಿ ಹೇಳಿರಲಿಲ್ಲ. ಮನೆಯಲ್ಲಿ ಅವರ ಹೆಸರು ಬಂದಾಗಲೆಲ್ಲ ಜೊತೆಗೆ ಆ ಒಂದು ಮಾತು ಬರುತ್ತಿತ್ತು, ಅಷ್ಟೆ.

ಸಂಜೆ ಅಮ್ಮನಿಗೆ ಫೋನು ಮಾಡಿದಳು. ಡಾಕ್ಟರ ವಿಷಯ ಎತ್ತಲಿಲ್ಲ.

"ಅಮ್ಮ, ನಂಗೆ ಟೈಫಾಯ್ಡ್ ಬಂದಿದ್ದು ಯಾವಾಗ?"

"ಎರಡನೇ ಕ್ಲಾಸಲ್ಲಿ. ಯಾಕೆ?"

"ಆಫೀಸಲ್ಲಿ ಏನೋ ಫಾರ್ಮ್ ತುಂಬ್ಬೇಕಿತ್ತು."

ಮರುದಿನ ಭಾನುವಾರ ಒಬ್ಬಳೇ ಜಯನಗರಕ್ಕೆ ಹೋದಳು. ಸತ್ಯಭಾಮಾ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ವಿಭಾ ಅವರ ಪಕ್ಕ ಕೂತು, ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು, ಅದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಕೇಳಿದಳು. "ಟೈಫಾಯ್ಡ್ ಬಂದಾಗ ನಾನು ತುಂಬಾ ಅಳ್ತಿದ್ನಾ?"

"ಅಯ್ಯೋ, ಅಂಬೆಗಾಲು ಇಡ್ತಿದ್ದ ಮಗು, ಅಳ್ದೆ ಇನ್ನೇನು?"

ವಿಭಾ ಕೈಯಲ್ಲಿದ್ದ ಕಾಯಿಯನ್ನು ತಟ್ಟೆಗೆ ಹಾಕಿದಳು.

"ನಿನ್ನೆ ಎರಡನೇ ಕ್ಲಾಸು ಅಂದೆ."

ಸತ್ಯಭಾಮಾರ ಬೆರಳು ನಿಂತಿತು. "ಮರೆತುಹೋಗಿದೆ ಕಣೇ. ವಯಸ್ಸಾಯ್ತು."

"ನಂಗೆ ಟೈಫಾಯ್ಡ್ ಬಂದೇ ಇಲ್ಲ ಅಲ್ವಾ?"

ಸತ್ಯಭಾಮಾ ಮತ್ತೆ ಕಾಯಿ ಬಿಡಿಸತೊಡಗಿದರು. ವಿಭಾ ಎದ್ದು ಬೀರುವಿನಿಂದ ಹಳೆಯ ಆಲ್ಬಮ್ ತಂದಳು. ಅಮ್ಮನ ಮದುವೆಯ ಫೋಟೋಗಳಲ್ಲಿ ಅನಂತಪದ್ಮನಾಭ ಮಾಮ ಎರಡರಲ್ಲಿ ಮಾತ್ರ ಇದ್ದರು. ಒಂದರಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ಮುಖ. ಇನ್ನೊಂದರಲ್ಲಿ ಎಲ್ಲರೂ ನಗುತ್ತಿರುವಾಗ ಅವರೊಬ್ಬರೇ ಬಾಯಿಗೆ ಕರ್ಚೀಫು ಒತ್ತಿಕೊಂಡಿದ್ದರು.

"ಡಾಕ್ಟ್ರು ಇದು ತಾಯಿ ಕಡೆಯಿಂದ ಬರೋದು ಅಂದ್ರು. ಮಾಮ ನಿಜವಾಗ್ಲೂ ಹೊಗೆಸೊಪ್ಪು ಹಾಕ್ತಿದ್ರಾ?"

ಸತ್ಯಭಾಮಾ ಫೋಟೋ ಕಡೆ ನೋಡಲಿಲ್ಲ.

"ನಿಮ್ಮಪ್ಪನ ಕಡೆಯವರು ನನ್ನ ನೋಡೋಕೆ ಬಸವನಗುಡಿ ಮನೆಗೆ ಬಂದಿದ್ರು," ಎಂದರು ಕೊನೆಗೆ. "ಅನಂತು ಕಾಫಿ ತಂದುಕೊಟ್ಟ. ಇಪ್ಪತ್ತು ವರ್ಷದ ಹುಡುಗ. ಯಾರೋ ಏನೋ ತಮಾಷೆ ಮಾಡಿದ್ರು, ನಕ್ಕುಬಿಟ್ಟ. ನಿಮ್ಮಪ್ಪನ ದೊಡ್ಡಮ್ಮ ಅವನ ಬಾಯಿ ನೋಡಿ, 'ಏನಿದು, ನಿಮ್ಮನೇಲಿ ಎಲ್ಲರಿಗೂ ಹೀಗೇನಾ?' ಅಂದ್ರು. ಅದಕ್ಕೂ ಮುಂಚೆ ಎರಡು ಸಂಬಂಧ ತಪ್ಪಿತ್ತು ನಂಗೆ. ನನ್ನ ಸೋದರಮಾವನಿಗೂ ಹಾಗೇ ಇತ್ತು, ಇದು ಮನೆತನದ್ದು ಅಂತ ನಂಗೆ ಗೊತ್ತಿತ್ತು. ಭಯ ಆಯ್ತು. 'ಇಲ್ಲ, ಅವನು ಹೊಗೆಸೊಪ್ಪು ಹಾಕ್ತಾನೆ' ಅಂದೆ."

"ಎಲ್ಲರ ಎದುರಿಗಾ?"

"ಎಲ್ಲರ ಎದುರಿಗೆ. ಅವನೂ ಅಲ್ಲೇ ಇದ್ದ. ಅವರು ಹೋದ ಮೇಲೆ ನಮ್ಮಪ್ಪ ಅವನ ಟ್ರಂಕ್ ಎಲ್ಲಾ ಸುರಿದು ಹುಡುಕಿದ್ರು. ಲವಂಗದ ಪೊಟ್ಟಣ ಸಿಕ್ತು. ಹಲ್ಲುನೋವಿಗೆ ಇಟ್ಕೊಂಡಿದ್ದ. ವಾಸನೆ ಮುಚ್ಚೋಕೆ ಇಟ್ಟಿದ್ದಾನೆ ಅಂತ ಬೆಲ್ಟ್ ತಗೊಂಡು ಹೊಡೆದ್ರು. ಆಮೇಲೆ ದಿನಾ ಬೆಳಿಗ್ಗೆ ಪಕ್ಕದಲ್ಲಿ ನಿಂತು ಇದ್ದಿಲು, ಉಪ್ಪು ಹಾಕಿ ತಿಕ್ಕಿಸೋರು. ರಕ್ತ ಬರೋದು. ನನ್ನ ಮದುವೆ ಆಗಿ ಆರು ತಿಂಗಳಿಗೆ ಮನೆ ಬಿಟ್ಟ. ಅವನಿಗೆ ಎಲ್ಲಿ ಹೆಣ್ಣು ನೋಡಿದ್ರೂ ಆ ಮಾತು ಅವನಿಗಿಂತ ಮುಂಚೆ ಹೋಗಿರೋದು."

ವಿಭಾ ಆಲ್ಬಮ್ ಮುಚ್ಚಿದಳು. "ವಿಷ್ಣು ಹಾಲುಹಲ್ಲು ನೋಡಿದಾಗ್ಲೇ ನಿಂಗೆ ಗೊತ್ತಾಗಿತ್ತು. ಆದ್ರೂ ನೀರು ಅಂದೆ. ನಮ್ಮತ್ತೆ ಮೇಲೆ ಹಾಕ್ದೆ. ನಾನು ಆ ಹೆಂಗಸನ್ನ ಕಳ್ಳಿ ಥರ ಕಾದೆ ಅಮ್ಮ."

"ನಿನ್ನ ಮೇಲೆ ಬರ್ದೇ ಇರ್ಲಿ ಅಂತ," ಎಂದರು ಸತ್ಯಭಾಮಾ. "ನಿನ್ನಿಂದ ಬಂತು ಅಂತ ಅವರು ಅನ್ನಬಾರದು ಅಂತ."

ಅನಂತು ಈಗ ಎಲ್ಲಿದ್ದಾನೆಂಬುದೂ ಅವರಿಗೆ ಗೊತ್ತಿತ್ತು. ಜರಗನಹಳ್ಳಿಯಲ್ಲಿ ಹೊಲಿಗೆ ಮೆಷೀನ್ ರಿಪೇರಿ ಅಂಗಡಿ. ಕನಕಪುರ ರಸ್ತೆಯ ಬಸ್ಸಿನಿಂದ ಬೋರ್ಡು ಕಾಣುತ್ತದೆ. ಎಷ್ಟೋ ಸಲ ಅದನ್ನು ನೋಡುತ್ತಲೇ ಹಾದುಹೋಗಿದ್ದರು, ಒಂದು ಸಲವೂ ಇಳಿದಿರಲಿಲ್ಲ.

ವಿಭಾ ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ಶ್ರೀದೇವಿಯವರಿಗೆ ಎಲ್ಲವನ್ನೂ ಹೇಳಿದಳು. ತಾಯಿ ಹೇಳಿದ್ದು, ತಾನು ನಂಬಿದ್ದು, ದೋಷ ತನ್ನ ಕಡೆಯಿಂದ ಬಂದದ್ದು. "ತಪ್ಪಾಯ್ತು ಅತ್ತೆ," ಎಂದಳು. ಶ್ರೀದೇವಿಯವರು ಒಲೆ ಸಣ್ಣ ಮಾಡಿದರು.

"ಹಲ್ಲು ಎಲ್ಲಿಂದ ಬಂದ್ರೇನು, ಹುಡುಗ ನಮ್ಮವನೇ ತಾನೆ. ಆದ್ರೆ ನೀನು ನನ್ನ ಒಂದು ಮಾತು ಕೇಳ್ಬೋದಿತ್ತು. ಕೇಳ್ದೆ ಗೆರೆ ಎಳ್ದೆ. ಅದು ನಂಗೆ ಮರೆಯೋಕೆ ಸ್ವಲ್ಪ ದಿನ ಬೇಕು," ಎಂದರು. ಆದರೆ ರಾತ್ರಿ ಊಟಕ್ಕೆ ಮೊಮ್ಮಗನ ತಟ್ಟೆಗೆ ಅವರೇ ಅನ್ನ ಕಲಸಿದರು.

ಮುಂದಿನ ಶನಿವಾರ ಮಧ್ಯಾಹ್ನ ವಿಭಾ ವಿಷ್ಣುವನ್ನು ಕರೆದುಕೊಂಡು ಜರಗನಹಳ್ಳಿಗೆ ಹೋದಳು. ಮೂರು ಮಹಡಿಯ ಬಾಡಿಗೆ ಮನೆಗಳ ಕೆಳಗೆ ಒಂದು ಸಣ್ಣ ಅಂಗಡಿ. ಬಿಚ್ಚಿಟ್ಟ ಮೆಷೀನುಗಳ ನಡುವೆ ಕೂತಿದ್ದ ತೆಳ್ಳಗಿನ ಮನುಷ್ಯ ಇವರ ನೆರಳು ಬಿದ್ದ ಕೂಡಲೇ ಎಡಗೈಯನ್ನು ಬಾಯಿಯ ಮೇಲಿಟ್ಟುಕೊಂಡರು.

"ಯಾವ ಮೆಷೀನ್ ಮೇಡಂ?"

"ಮಾಮ, ನಾನು ವಿಭಾ. ಸತ್ಯಭಾಮಾ ಮಗಳು."

ಅವರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕೂರಲು ಹೇಳಲಿಲ್ಲ.

"ಸಹಿ ಬೇಕಿತ್ತಾ? ಬಸವನಗುಡಿ ಮನೆ ಕಾಗದಕ್ಕೆ ಆವಾಗ್ಲೇ ಹಾಕಿ ಕಳ್ಸಿದ್ದೀನಿ. ಇನ್ನೇನೂ ಉಳಿದಿಲ್ಲ."

"ಸಹಿಗೆ ಬಂದಿಲ್ಲ ಮಾಮ."

"ಮತ್ತೆ ಏನಾಗ್ಬೇಕಿತ್ತು? ಅವಳು ಕಳಿಸಿದ್ಲಾ?"

"ಇಲ್ಲ. ನಾನಾಗೇ ಬಂದೆ."

"ನಲವತ್ತು ವರ್ಷ ಆದ್ಮೇಲೆ ನೀನಾಗೇ ಬಂದೆ," ಎಂದರು. ಕೈ ಬಾಯಿಂದ ತೆಗೆದಿರಲಿಲ್ಲ, ಮಾತು ಬೆರಳ ಸಂದಿಯಿಂದ ಬರುತ್ತಿತ್ತು. ಕಣ್ಣಲ್ಲಿ ನಂಬಿಕೆ ಇರಲಿಲ್ಲ. ಆ ನೋಟ ವಿಭಾಳಿಗೆ ಪರಿಚಿತವಾಗಿತ್ತು. ತಾನು ಆಫೀಸಿನಲ್ಲಿ ಎದುರಿಗೆ ಕೂತವರನ್ನು ಹಾಗೇ ನೋಡುತ್ತಿದ್ದಳು. ಇನ್ನು ಮಾತಿನಲ್ಲಿ ಏನು ಹೇಳಿದರೂ ಇವರು ನಂಬುವುದಿಲ್ಲ ಎಂದು ಗೊತ್ತಾಗಿ, ಮಗನ ಹೆಗಲ ಮೇಲೆ ಕೈಯಿಟ್ಟಳು.

"ವಿಷ್ಣು, ತಾತಂಗೆ ಹಲ್ಲು ತೋರಿಸ್ತೀಯಾ?"

ವಿಷ್ಣು ಹಿಂಜರಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದ.

ಅನಂತಪದ್ಮನಾಭ ಎದ್ದು ಬಂದರು. ಎಣ್ಣೆಯ ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಕನ್ನಡಕ ಹಾಕಿಕೊಂಡು ಹುಡುಗನ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಬಹಳ ಹೊತ್ತು ನೋಡಿದರು. ವಿಭಾಳ ಜೊತೆ ಮಾತಾಡಲಿಲ್ಲ, ಅವನನ್ನೇ ಕೇಳಿದರು.

"ಐಸ್‌ಕ್ರೀಮ್ ತಿಂತೀಯೇನೋ?"

"ಕರಗಿದ ಮೇಲೆ ತಿಂತೀನಿ."

"ಸ್ಪೂನಲ್ಲಿ ತಗೊಂಡು, ಹಲ್ಲಿಗೆ ತಾಗದ ಹಾಗೆ ನಾಲಿಗೆ ಮೇಲೆ ಇಟ್ಕೊಂಡು?"

"ಹೂಂ." ವಿಷ್ಣು ಕಣ್ಣು ತೆರೆದ. "ನಿಮಗೆ ಹೇಗೆ ಗೊತ್ತು?"

ಅವರು ಕೈ ತೆಗೆದರು. ಬಾಯಿ ತೆರೆದು ತೋರಿಸಿದರು. ಏಳೆಂಟು ಹಲ್ಲು ಉಳಿದಿದ್ದವು, ಕಂದು ಬಣ್ಣದ ಮೊಂಡು ತುಂಡುಗಳು. ಹುಡುಗ ಬಗ್ಗಿ ಒಳಗೆಲ್ಲ ಇಣುಕಿದ.

"ನಿಮ್ದೂ ನನ್ ಥರಾನೇ!"

"ನಿನ್ದು ನನ್ ಥರ," ಎಂದರು ಅನಂತಪದ್ಮನಾಭ. "ಸ್ಕೂಲಲ್ಲಿ ಏನಂತಾರೆ? ಹೊಗೆಸೊಪ್ಪು ಅಂತಾರಾ?"

"ಹಲ್ಲುಜ್ಜಲ್ಲ ಅಂತಾರೆ."

ಅವರು ಒಳಗಿನಿಂದ ಎರಡು ಸ್ಟೂಲು ತಂದು ಹಾಕಿದರು. ವಿಭಾ ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದಳು. ಇದು ರೋಗವಲ್ಲ, ಕೊಳಕಲ್ಲ, ಚಟವಲ್ಲ, ಹುಟ್ಟುವ ಮೊದಲೇ ಬರೆದಿಟ್ಟ ದೋಷ ಎಂದಳು. ಅವರು ಪ್ರತಿ ಮಾತಿಗೂ, "ಡಾಕ್ಟ್ರೇ ಹೇಳಿದ್ರಾ? ನೀನು ಸೇರಿಸಿದ್ದಲ್ಲ ತಾನೆ?" ಎಂದು ಕೇಳುತ್ತಿದ್ದರು. ಕ್ಲಿನಿಕ್ಕಿಗೆ ಬಂದು ಒಮ್ಮೆ ಬಾಯಿ ತೋರಿಸಿದರೆ ವಿಷ್ಣುವಿನ ಚಿಕಿತ್ಸೆಗೂ ಅನುಕೂಲ ಎಂದಾಗ ಹೂಂ ಎಂದು ತಲೆಯಾಡಿಸಿದರು. "ಈ ಬಾಯಿ ಇನ್ಯಾರಿಗೂ ತೋರಿಸಲ್ಲ ಅಂದ್ಕೊಂಡಿದ್ದೆ." ಹೊರಡುವಾಗ ಅಂಗಡಿಯ ಬಾಗಿಲವರೆಗೆ ಬಂದು ಕೇಳಿದರು:

"ಅಲ್ಲಿಗೆ ಅವಳೂ ಬರ್ತಾಳಾ?"

"ನೀವು ಬೇಡ ಅಂದ್ರೆ ಬರಲ್ಲ."

"ಬರ್ಲಿ," ಎಂದರು.

ಕ್ಲಿನಿಕ್ಕಿನಲ್ಲಿ ಅಕ್ಕ ತಮ್ಮ ಒಂದೇ ಬೆಂಚಿನ ಎರಡು ತುದಿಗೆ ಕೂತರು. ಸತ್ಯಭಾಮಾ ಎರಡು ಸಲ ಏನೋ ಹೇಳಲು ಹೋದರು. ಅನಂತಪದ್ಮನಾಭ ಗೋಡೆಯ ಮೇಲಿದ್ದ ಹಲ್ಲಿನ ಚಿತ್ರವನ್ನು ನೋಡುತ್ತಿದ್ದರು. ಒಳಗೆ ಕರೆದಾಗ ಎಲ್ಲರೂ ಹೋದರು. ಲಿಖಿತಾ ಅನಂತಪದ್ಮನಾಭರ ಬಾಯನ್ನು ನೋಡಿ, ಫೋಟೋ ತೆಗೆದು, ಫಾರ್ಮ್ ತುಂಬತೊಡಗಿದರು.

"ಸಾರ್, ಸಕ್ಕರೆ ಕಾಯಿಲೆ, ಬಿಪಿ?"

"ಇಲ್ಲ."

"ತಂಬಾಕು ಅಭ್ಯಾಸ ಇತ್ತಾ?"

ಕುರ್ಚಿಯಲ್ಲಿ ಮಲಗಿದ್ದ ಅನಂತಪದ್ಮನಾಭ ಕತ್ತು ತಿರುಗಿಸಿ ಅಕ್ಕನ ಕಡೆ ನೋಡಿದರು. ಲಿಖಿತಾ ಮತ್ತೆ ಕೇಳಿದರು. ಆಗಲೂ ಅವರು ನೋಡುತ್ತಲೇ ಇದ್ದರು.

"ಇಲ್ಲ," ಎಂದರು ಸತ್ಯಭಾಮಾ. ಸೆರಗಿನ ತುದಿ ಅವರ ಮುಷ್ಟಿಯಲ್ಲಿ ಮುದುಡಿತ್ತು. "ಯಾವತ್ತೂ ಇರ್ಲಿಲ್ಲ. ಇತ್ತು ಅಂತ ನಾನು ಸುಳ್ಳು ಹೇಳಿದ್ದು. ನನ್ನ ಮದುವೆ ತಪ್ಪಿಹೋಗ್ಬಾರದು ಅಂತ."

ಡಾಕ್ಟರ ಪೆನ್ನು ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಅವರು 'ಇಲ್ಲ' ಎಂದು ಬರೆದುಕೊಂಡರು.

"ಬರ್ಕೊಂಡ್ರಾ?" ಎಂದರು ಅನಂತಪದ್ಮನಾಭ.

"ಬರ್ಕೊಂಡೆ ಸಾರ್."

ಅವರು ಕಣ್ಣು ಮುಚ್ಚಿಕೊಂಡರು. ಎರಡೂ ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆ ಹರಿಯಿತು. ವಿಷ್ಣು ಟಿಶ್ಯೂ ಪೇಪರು ಎಳೆದು ಅವರ ಕೈಗಿಟ್ಟು, "ಇಂಜೆಕ್ಷನ್ ಕೊಟ್ಟೇ ಇಲ್ವಲ್ಲ ತಾತ," ಎಂದ.

ರಕ್ತ ಪರೀಕ್ಷೆಯ ವರದಿ ಬರಲು ತಿಂಗಳು ಹಿಡಿಯಿತು. ಲಿಖಿತಾ ಊಹಿಸಿದ್ದೇ ನಿಜವಾಗಿತ್ತು. ವಿಷ್ಣುವಿನ ದವಡೆ ಹಲ್ಲುಗಳಿಗೆ ಸ್ಟೀಲಿನ ಕ್ಯಾಪು ಹಾಕಿದರು, ಮುಂದಿನವಕ್ಕೆ ಹಲ್ಲಿನದೇ ಬಣ್ಣದ ಲೇಪ ಕೊಟ್ಟರು. ದೊಡ್ಡವನಾದ ಮೇಲೆ ಮತ್ತೆ ಮಾಡಿಸಬೇಕು, ಇದು ಜೀವನಪೂರ್ತಿ ನೋಡಿಕೊಳ್ಳಬೇಕಾದ್ದು ಎಂದರು. ವಿಭಾ ಡಾಕ್ಟರ ಪತ್ರ ಹಿಡಿದು ಶಾಲೆಗೆ ಹೋದಳು. ಟೀಚರ್ ಓದಿ, "ನಂಗೆ ಗೊತ್ತಿರ್ಲಿಲ್ಲ ಮೇಡಂ," ಎಂದರು. ವಿಭಾಳ ಬಾಯಿಗೆ ಖಾರವಾದ ಮಾತು ಬಂದಿತ್ತು. ತನಗೂ ಗೊತ್ತಿರಲಿಲ್ಲವೆಂದು ನೆನಪಾಗಿ ನುಂಗಿಕೊಂಡಳು.

ಅನಂತಪದ್ಮನಾಭರ ಉಳಿದ ಹಲ್ಲು ತೆಗೆದು ಸೆಟ್ಟು ಕೂರಿಸಿದರು. ಮೊದಲ ವಾರ ಮಾತು ತೊದಲುತ್ತಿತ್ತು. ಬಾಯಿಗೆ ಅಡ್ಡ ಹೋಗುವ ಎಡಗೈ ಮಾತ್ರ ಆಮೇಲೂ ಹೋಗುತ್ತಲೇ ಇತ್ತು.

ಸತ್ಯಭಾಮಾ ಉಳಿದಿದ್ದ ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ ವಿಷಯ ತಿಳಿಸಿದರು. ಕೆಲವರಿಗೆ ಅನಂತು ಯಾರೆಂಬುದೇ ಮರೆತಿತ್ತು. ಒಬ್ಬರು, "ಈಗ ಯಾಕೆ ಅದೆಲ್ಲ?" ಎಂದು ಫೋನಿಟ್ಟರು.

ವಿಷ್ಣುವಿನ ಹುಟ್ಟುಹಬ್ಬಕ್ಕೆ ವಿಭಾ ಮಾಮನನ್ನು ಕರೆದಳು. "ಅವಳಿರ್ತಾಳಾ?" ಎಂದು ಕೇಳಿದರು. ಇರ್ತಾರೆ ಎಂದಳು. "ಹಾಗಾದ್ರೆ ನಾನು ಮಾರನೇ ದಿನ ಬರ್ತೀನಿ," ಎಂದರು. ಬಂದರು ಕೂಡ. ಶ್ರೀದೇವಿಯವರು ಬಿಸಿಬೇಳೆಬಾತು ಮಾಡಿದ್ದರು. ವಿಷ್ಣು ಮತ್ತು ಮಾಮ ಎದುರುಬದುರು ಕೂತು ಹಪ್ಪಳ ಕಚ್ಚಿ ಮುರಿದು ಯಾರ ಸದ್ದು ಜೋರು ಎಂದು ನೋಡಿದರು.

ಅವರು ಹೋದ ಅರ್ಧ ಗಂಟೆಗೆ ಸತ್ಯಭಾಮಾರ ಫೋನು ಬಂತು.

"ಬಂದಿದ್ನಾ?"

"ಬಂದಿದ್ರು."

"ನನ್ ಬಗ್ಗೆ ಏನಾದ್ರೂ ಕೇಳಿದ್ನಾ?"

"ಇಲ್ಲಮ್ಮ."

ವಿಭಾ ಫೋನು ಇಡಲಿಲ್ಲ.

"ಊಟ ಸರಿಯಾಗಿ ಮಾಡಿದ್ನಾ?"

"ಮಾಡಿದ್ರು. ಎರಡು ಸಲ ಹಾಕಿಸ್ಕೊಂಡ್ರು," ಎಂದಳು ವಿಭಾ.